ಹತ್ತು ಗಂಟೆಗೆ ತಿರುಗಬೇಕಿತ್ತು

ಕತಾರಿನ ದೋಹಾದಲ್ಲಿ, ನಜ್ಮಾ ಬಡಾವಣೆಯ ಒಳರಸ್ತೆಯೊಂದರಲ್ಲಿ ನನ್ನ ಗೆಳೆಯರೊಬ್ಬರ ಅಂಗಡಿಯಿದೆ. ಗುಂಡಿ, ಜಿಪ್, ನೂಲು, ಎಲಾಸ್ಟಿಕ್, ಲೈನಿಂಗ್ ಬಟ್ಟೆ ಎಂದು ಸುತ್ತಲಿನ ದರ್ಜಿಗಳಿಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತದೆ. ಅವರ ತಂದೆ ಮಂಗಳೂರಿನ ಕಡೆಯಿಂದ ಬಂದು ಹಾಕಿದ ಅಂಗಡಿ. ಮೂರು ಗೋಡೆಗೂ ಸೂರಿನವರೆಗೆ ಕಪಾಟು, ಕಪಾಟಿನ ತುಂಬ ಡಬ್ಬಗಳು. ಎರಡು ವರ್ಷದ ಹಿಂದಿನವರೆಗೆ ಅವರು ಸರಸರನೆ ಏಣಿ ಹತ್ತಿ, ಒಂದು ಕಾಲು ಏಣಿಯ ಮೇಲೆ ಇನ್ನೊಂದು ಕಪಾಟಿನ ಅಂಚಿನ ಮೇಲೆ ಇಟ್ಟು, ಗಿರಾಕಿಯೊಡನೆ ಮಾತಾಡುತ್ತಲೇ ಡಬ್ಬ ತೆಗೆಯುತ್ತಿದ್ದರು. ಈಗ ಉದ್ದನೆಯ ಕೋಲಿನ ತುದಿಗೆ ಕೊಕ್ಕೆ ಕಟ್ಟಿಕೊಂಡಿದ್ದಾರೆ. ನೆಲದ ಮೇಲೆಯೇ ನಿಂತು ಡಬ್ಬವನ್ನು ಕೊಕ್ಕೆಯಿಂದ ಎಳೆದು ಇನ್ನೊಂದು ಕೈಯಲ್ಲಿ ಹಿಡಿಯುತ್ತಾರೆ. ಆಗಾಗ ಹಿಡಿತ ತಪ್ಪಿ ಗುಂಡಿಗಳು ನೆಲದ ತುಂಬ ಚೆಲ್ಲುತ್ತವೆ. ನಾನು ಅಲ್ಲಿದ್ದರೆ ಮಂಡಿಯೂರಿ ಹೆಕ್ಕುತ್ತೇನೆ. ಅವರಿಗೆ ಮಂಡಿಯೂರಲು ಆಗುವುದಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ನಮಾಜಿನ ಚಾಪೆ ಹಾಸುತ್ತಿದ್ದ ಜಾಗದಲ್ಲಿ ಈಗ ಒಂದು ಪ್ಲಾಸ್ಟಿಕ್ ಕುರ್ಚಿಯಿದೆ.

ಆ ಮಂಡಿ ಹಾಳಾದದ್ದು ಆಲ್ಪ್ಸ್ ಪರ್ವತದ ಒಂದು ಹಿಮನದಿಯ ಮೇಲೆ, ನನ್ನ ಜೊತೆಯಲ್ಲಿ. 'ನನ್ನ ಜೊತೆಯಲ್ಲಿ' ಎಂದೇ ಎರಡು ವರ್ಷ ಡೈರಿಯಲ್ಲಿ ಬರೆಯುತ್ತ ಬಂದೆ. 'ನನ್ನಿಂದ' ಎಂದು ಬರೆದದ್ದು ಈ ವರ್ಷ.

ನಾನು ಮೈಸೂರಿನವನು. ಕಟ್ಟಡ ಕಂಪನಿಯೊಂದರಲ್ಲಿ ಸೇಫ್ಟಿ ಎಂಜಿನಿಯರ್. ಹೆಂಡತಿ, ಮಗಳೊಂದಿಗೆ ದೋಹಾದಲ್ಲೇ ಅಬು ಹಮೂರ್‌ನಲ್ಲಿ ಇದ್ದೇನೆ. ನನಗೂ ಆ ಗೆಳೆಯರಿಗೂ ಪರಿಚಯವಾದದ್ದು ಒಂದು ಮಾಲ್‌ನೊಳಗಿನ ಕೃತಕ ಹಿಮದ ಇಳಿಜಾರಿನಲ್ಲಿ. ನಾನು ಮಗಳನ್ನೂ ಅವರು ಗಂಡುಮಕ್ಕಳನ್ನೂ ಕರೆತಂದಿದ್ದೆವು. ಅವರು ಜಾರಿ ಬಿದ್ದು 'ಎಂತ ಅವಸ್ಥೆ ಮಾರಾಯ್ರೆ' ಎಂದದ್ದು ಕೇಳಿ ನಾನು ಮಾತಾಡಿಸಿದೆ ಎಂದು ನನ್ನ ಡೈರಿಯಲ್ಲಿದೆ. ಮೊದಲು ಬಿದ್ದು ಕನ್ನಡದಲ್ಲಿ ಬೈದುಕೊಂಡವನು ನಾನು ಎಂದು ಅವರು ಹೇಳುತ್ತಾರೆ. ಅವರು ಹೇಳುವುದೇ ನಿಜವಿರಬಹುದು. ಡೈರಿ ಬರೆಯುವವನು ತಾನು ಬಿದ್ದದ್ದನ್ನು ಸಾಮಾನ್ಯವಾಗಿ ಇನ್ನೊಬ್ಬರ ಹೆಸರಿಗೆ ಹಾಕುತ್ತಾನೆ. ನಾನು ಅವರನ್ನು ಭಾಯ್ ಎನ್ನುತ್ತೇನೆ. ನನಗಿಂತ ಐದು ವರ್ಷ ದೊಡ್ಡವರು. ಅವರು ನನ್ನನ್ನು ಇಂಜಿನಿಯರ್ರೆ ಎನ್ನುತ್ತಾರೆ.

ಅಲ್ಲಿಂದ ಈ ಹುಚ್ಚು ಹಿಡಿಯಿತು. ಮರು ವರ್ಷ ಇಬ್ಬರೂ ಆಲ್ಪ್ಸ್‌ಗೆ ಹೋಗಿ ಸ್ಕೀ ಕಲಿತೆವು. ಅದರ ಮುಂದಿನ ವರ್ಷ ಸ್ಕೀ ಹಾಕಿಕೊಂಡೇ ಪರ್ವತ ಹತ್ತುವುದನ್ನು ಕಲಿತೆವು. ಇದರಲ್ಲಿ ಯಂತ್ರದ ಕುರ್ಚಿ ಮೇಲಕ್ಕೆ ಒಯ್ಯುವುದಿಲ್ಲ. ಸ್ಕೀಯ ಅಡಿಗೆ ರೋಮವಿರುವ ಒಂದು ಪಟ್ಟಿಯನ್ನು ಅಂಟಿಸುತ್ತಾರೆ. ಅದಕ್ಕೆ ಸ್ಕಿನ್ ಎನ್ನುತ್ತಾರೆ. ರೋಮ ಹಿಂದಕ್ಕೆ ಬಾಗಿರುವುದರಿಂದ ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಗಂಟೆಗಟ್ಟಲೆ ಹಾಗೆ ಹತ್ತಿ, ಮೇಲೆ ಪಟ್ಟಿ ಕಿತ್ತು ಮಡಚಿಟ್ಟು, ಜಾರಿಕೊಂಡು ಇಳಿಯಬೇಕು. ಭಾಯ್ ಮೊದಲ ಸಲ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದಾಗ ಅಂಗಡಿಯಲ್ಲಿ ಬಟ್ಟೆ ನೋಡುವ ಹಾಗೆ ಹೆಬ್ಬೆರಳಿನಿಂದ ರೋಮವನ್ನು ಆಚೀಚೆ ಸವರಿ, ವೆಲ್ವೆಟ್ ಒಳ್ಳೆಯದೇ, ಅಂಟು ಮಾತ್ರ ನಂಬುವ ಹಾಗಿಲ್ಲ ಎಂದಿದ್ದರು.

ದೋಹಾದಲ್ಲಿ ನಮ್ಮ ತಾಲೀಮು ನೋಡಿದವರು ನಗುತ್ತಿದ್ದರು. ಆಫೀಸು ಕಟ್ಟಡದ ಇಪ್ಪತ್ತೆರಡು ಮಹಡಿಗಳ ಮೆಟ್ಟಿಲನ್ನು ಸ್ಕೀ ಬೂಟು ಹಾಕಿಕೊಂಡು ಹತ್ತುತ್ತಿದ್ದೆವು. ಚಳಿಗಾಲದ ಶುಕ್ರವಾರಗಳಲ್ಲಿ ಬೆಳಿಗ್ಗೆ ಸೀಲೈನ್ ಕಡೆಯ ಮರಳುದಿಬ್ಬಗಳಿಗೆ ಹಳೆಯ ಸ್ಕೀ ಒಯ್ದು, ಕಡಿದಾದ ಇಳಿಜಾರಿನಲ್ಲಿ ನಿಂತಲ್ಲೇ ತಿರುಗುವುದನ್ನು ಅಭ್ಯಾಸ ಮಾಡುತ್ತಿದ್ದೆವು. ಮನೆಗೆ ಬಂದ ಮೇಲೆ ವಾರವಿಡೀ ಬೂಟಿನಿಂದ ಮರಳು ಉದುರುತ್ತಿತ್ತು.

ನಾವು ಹೋಗುತ್ತಿದ್ದದ್ದು ಮೇ ಕೊನೆಯ ವಾರದಲ್ಲಿ. ಜೂನ್ ಒಂದರಿಂದ ಕತಾರಿನಲ್ಲಿ ಬೇಸಿಗೆಯ ಮಧ್ಯಾಹ್ನದ ಕೆಲಸಕ್ಕೆ ನಿಷೇಧ. ಬೆಳಿಗ್ಗೆ ಹತ್ತಕ್ಕೆ ಬಯಲಿನ ಕೆಲಸವೆಲ್ಲ ನಿಲ್ಲಬೇಕು, ಮೂರೂವರೆಯವರೆಗೆ ಯಾರೂ ಬಿಸಿಲಿಗೆ ಇಳಿಯಬಾರದು. ಸೈಟಿನಲ್ಲಿ ಅದನ್ನು ನಿಲ್ಲಿಸುವುದು ನನ್ನ ಕೆಲಸ. ಆದ್ದರಿಂದ ಜೂನ್ ಬಂದಮೇಲೆ ನನಗೆ ರಜೆಯಿಲ್ಲ. ಹತ್ತಕ್ಕೆ ಸೈರನ್ ಒತ್ತುತ್ತೇನೆ. ಇನ್ನೊಂದೇ ಒಂದು ಕಂಬಕ್ಕೆ ಕಾಂಕ್ರೀಟು ಸುರಿದು ಮುಗಿಸುತ್ತೇವೆ ಎಂದು ಫೋರ್‌ಮನ್ ಗೋಗರೆದರೂ 'ಖಲಾಸ್' ಎಂದುಬಿಡುತ್ತೇನೆ. ಹಾಗೆ ಹೇಳುವುದರಲ್ಲಿ ನನಗೆ ಒಂದು ಬಗೆಯ ಹೆಮ್ಮೆಯಿತ್ತು ಎಂಬುದನ್ನೂ ಬರೆಯಬೇಕು.

ಪರ್ವತದಲ್ಲೂ ನಿಯಮ ಅದೇ. ಮೇ ಕೊನೆಗೆ ಹಿಮ ರಾತ್ರಿಯಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಬಿಸಿಲೇರಿದಂತೆ ಮೇಲ್ಪದರ ಮೆತ್ತಗಾಗಿ, ಆಮೇಲೆ ಮಂಡಿಯವರೆಗೆ ಹೂತುಕೊಳ್ಳುವ ಗಂಜಿಯಾಗುತ್ತದೆ. ಹಿಮದ ಬಿರುಕುಗಳ ಮೇಲೆ ಕಟ್ಟಿಕೊಂಡ ಹಿಮದ ಸೇತುವೆಗಳೂ ಸಡಿಲವಾಗುತ್ತವೆ. ಮೊದಲ ಎರಡು ವರ್ಷ ನಮ್ಮನ್ನು ಕರೆದೊಯ್ದ ಮುದುಕ ಗೈಡ್ ಒಂದೇ ಮಾತು ಹೇಳುತ್ತಿದ್ದ. ಎಲ್ಲೇ ಇರಿ, ಶಿಖರ ಹತ್ತು ಹೆಜ್ಜೆ ದೂರವಿರಲಿ, ಹತ್ತು ಗಂಟೆಗೆ ತಿರುಗಿ. ಭಾಯ್ ನನ್ನತ್ತ ನೋಡಿ, ಇವನೂ ನಿಮ್ಮ ಕಂಪನಿಯವನೇ ಇರಬೇಕು ಎಂದು ನಕ್ಕಿದ್ದರು.

ಮೂರನೆಯ ವರ್ಷ ಗೈಡ್ ಬೇಡ ಎಂದವನು ನಾನು. ಹಿಮನದಿಯ ಮೇಲೆ ಹಗ್ಗ ಕಟ್ಟುವುದು, ಬಿರುಕಿನಿಂದ ಮೇಲೆತ್ತುವುದು ಇವುಗಳ ತರಬೇತಿ ಮುಗಿಸಿ ಪ್ರಮಾಣಪತ್ರ ತಂದುಕೊಂಡಿದ್ದೆ. ಭಾಯ್ ಸ್ವಲ್ಪ ಹಿಂಜರಿದರು. ಆಮೇಲೆ, ನೀವಿದ್ದೀರಲ್ಲ ಎಂದರು.

ಪರ್ವತದ ತಂಗುಮನೆಗೆ ತಲುಪಿದ ಸಂಜೆ ನಡೆದ ಸಣ್ಣ ಸಂಗತಿಯೊಂದು ನನ್ನ ಡೈರಿಯಲ್ಲಿ ಇಲ್ಲ. ಗಲ್ಫಿನಲ್ಲಿರುವ ನಮ್ಮಂಥವರು ಗಡಿಯಾರವನ್ನು ಇದ್ದ ಹಾಗೆ ಓದುವುದೇ ಇಲ್ಲ. ಊರಿಗೆ ಫೋನ್ ಮಾಡಬೇಕೆಂದರೆ ಎರಡೂವರೆ ಗಂಟೆ ಕೂಡುತ್ತೇವೆ. ಅದು ಲೆಕ್ಕವೆಂದು ತಿಳಿಯದಷ್ಟು ಅಭ್ಯಾಸವಾಗಿರುತ್ತದೆ. ಯುರೋಪಿಗೆ ಹೋದರೂ ನಾನು ಕೈಗಡಿಯಾರವನ್ನು ದೋಹಾದ ಸಮಯದಲ್ಲೇ ಇಟ್ಟುಕೊಳ್ಳುತ್ತಿದ್ದೆ, ಮಗಳು ಶಾಲೆಯಿಂದ ಬಂದಳೇ, ಮಲಗಿದಳೇ ಎಂದು ತಿಳಿಯಲು. ಅಲ್ಲಿನ ಸಮಯ ಬೇಕಾದರೆ ಒಂದು ಗಂಟೆ ಕಳೆದರಾಯಿತು. ಆ ಸಂಜೆ ಕಳೆಯಲು ಮರೆತೆ. ಆರೂವರೆಯ ಊಟಕ್ಕೆಂದು ಭಾಯ್ ಅವರನ್ನೂ ಎಳೆದುಕೊಂಡು ಐದೂವರೆಗೇ ಹೋಗಿ ಖಾಲಿ ಮೇಜಿನ ಮುಂದೆ ಕೂತೆ. ತಂಗುಮನೆ ನೋಡಿಕೊಳ್ಳುವ ಹೆಂಗಸು ಗೋಡೆಯ ಗಡಿಯಾರ ತೋರಿಸಿ ನಕ್ಕಳು. ಭಾಯ್ ಕೂಡ ನಗುತ್ತ, ಆ ವಾಚನ್ನು ಒಮ್ಮೆ ಇಲ್ಲಿಯದ್ದು ಮಾಡಿ ಎಂದರು. ನಾನು ಅಲ್ಲೇ ಕೂತು ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆ.

ಮರುದಿನ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಬ್ಯಾಟರಿ ಉಳಿಯಲೆಂದು ಫೋನುಗಳನ್ನು ಆಫ್ ಮಾಡಿ ಚೀಲದ ತಳದಲ್ಲಿಟ್ಟಿದ್ದೆವು. ನನ್ನ ಎದೆಯ ಪಟ್ಟಿಗೆ ಸಿಕ್ಕಿಸಿದ್ದ ಪುಟ್ಟ ಕ್ಯಾಮೆರಾದಲ್ಲಿ ಆಗಾಗ ಚಿತ್ರ ತೆಗೆಯುತ್ತಿದ್ದೆ. ಹಿಮ ಕಲ್ಲಿನಂತಿತ್ತು. ಬೆಳಕು ಹರಿದ ಮೇಲೆ, ಹಿಮನದಿಯ ನಡುಮಧ್ಯೆ, ಭಾಯ್ ಅವರ ಎಡಗಾಲಿನ ಸ್ಕಿನ್ ಹಿಂತುದಿಯಿಂದ ಬಿಟ್ಟುಕೊಂಡಿತು. ಅಂಟಿಗೆ ಹಿಮದ ಪುಡಿ ಹತ್ತಿತ್ತು. ಒರೆಸಿ, ಜಾಕೆಟ್ಟಿನೊಳಗೆ ಇಟ್ಟು ಬೆಚ್ಚಗೆ ಮಾಡಿ, ಮತ್ತೆ ಅಂಟಿಸಿ, ಸುತ್ತಲೂ ಟೇಪು ಕಟ್ಟಿದೆವು. ಅವರು ನಾಚಿಕೊಂಡರು. ದಿನವಿಡೀ ಟೇಪು, ಪಟ್ಟಿ ಮಾರುವವನ ಪಟ್ಟಿಯೇ ಬಿಚ್ಚಿತಲ್ಲ ಎಂದರು.

ಶಿಖರದ ಕೆಳಗಿನ ತಗ್ಗಿಗೆ ಬಂದಾಗ ಗ್ಲೌಸ್ ಸರಿಸಿ ಗಡಿಯಾರ ನೋಡಿದೆ. ಹತ್ತೂ ಇಪ್ಪತ್ತು. ನನ್ನ ತಲೆ ತಾನಾಗಿಯೇ ಒಂದು ಗಂಟೆ ಕಳೆಯಿತು. ಒಂಬತ್ತೂ ಇಪ್ಪತ್ತು. ಹೊತ್ತಿದೆಯಾ ಎಂದು ಭಾಯ್ ಕೇಳಿದರು. ಹೊತ್ತಿದೆ, ನಡೀರಿ ಎಂದೆ.

ಊರುಗೋಲು ಆಗಲೇ ಹಿಮದೊಳಕ್ಕೆ ಸುಲಭವಾಗಿ ಇಳಿಯುತ್ತಿತ್ತು. ಅದನ್ನು ಕಂಡ ನೆನಪು ಸ್ಪಷ್ಟವಾಗಿದೆ, ಅಥವಾ ಆಮೇಲೆ ಕಟ್ಟಿಕೊಂಡ ನೆನಪೋ. ಕಂಡಿದ್ದರೆ, ಕಣ್ಣು ಹೇಳಿದ್ದನ್ನು ಬಿಟ್ಟು ಗಡಿಯಾರದ ಲೆಕ್ಕವನ್ನು ನಂಬಿದೆ ಎಂದಾಗುತ್ತದೆ. ಸೈಟಿನಲ್ಲಿ ಫೋರ್‌ಮನ್ ಹಾಗೆ ಮಾಡಿದ್ದರೆ ನಾನು ವರದಿ ಬರೆಯುತ್ತಿದ್ದೆ. ಮತ್ತೆ ನಲವತ್ತು ನಿಮಿಷ ಹತ್ತಿದೆವು. ಶಿಖರ ಕೂಗಿದರೆ ಕೇಳುವಷ್ಟು ದೂರದಲ್ಲಿದ್ದಾಗ, ನನ್ನ ಲೆಕ್ಕದ ಹತ್ತು ಗಂಟೆಗೆ ಸರಿಯಾಗಿ, ತಿರುಗೋಣ ಎಂದೆ. ನಿಯಮ ಪಾಲಿಸಿದ ತೃಪ್ತಿಯಿಂದಲೇ ಹೇಳಿದೆ. ಅಲ್ಲಿನ ನಿಜವಾದ ಗಂಟೆ ಹನ್ನೊಂದಾಗಿತ್ತು.

ಇಳಿಯುವಾಗ ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಪೂರ್ತಿ ಕುಸಿಯುವ ಗಂಜಿಯಾಗಿತ್ತು. ನಾನು ಮುಂದೆ, ಅವರು ಹಿಂದೆ. ಅವರ ಎಡಗಾಲಿನ ಸ್ಕೀ ಹೂತು ನಿಂತಿತು, ದೇಹ ಮಾತ್ರ ಮುಂದಕ್ಕೆ ತಿರುಗಿಕೊಂಡು ಬಿತ್ತು. ಸ್ಕೀಯಿಂದ ಬೂಟು ಕಳಚಲಿಲ್ಲ, ಮಂಡಿ ತಿರುಚಿಕೊಂಡಿತು. ಜೋರಾಗಿ ಬಿದ್ದಿದ್ದರೆ ಕಳಚುತ್ತಿತ್ತಂತೆ. ಅವರು ಕೂಗಲಿಲ್ಲ. 'ಇಂಜಿನಿಯರ್ರೆ, ಸ್ವಲ್ಪ ಬನ್ನಿ' ಎಂದರು, ಅಂಗಡಿಯಲ್ಲಿ ಕರೆಯುವ ಹಾಗೆ.

ನೆರವಿಗೆ ಬಂದ ಹೆಲಿಕಾಪ್ಟರಿನಿಂದ ಇಳಿದವನು, ಮಧ್ಯಾಹ್ನವಾಗುತ್ತ ಬಂತು, ಇಷ್ಟು ಹೊತ್ತಿನವರೆಗೆ ಇಲ್ಲೇನು ಮಾಡುತ್ತಿದ್ದಿರಿ ಎಂದು ಕೇಳಿದ. ನಾನು ಗಡಿಯಾರ ನೋಡಿದೆ. ಸ್ಟ್ರೆಚರಿನ ಮೇಲಿದ್ದ ಭಾಯ್ ನನಗಿಂತ ಮೊದಲು ಉತ್ತರ ಕೊಟ್ಟರು. ತನ್ನ ಸ್ಕಿನ್ ಬಿಚ್ಚಿ ಒಂದು ಗಂಟೆ ಹಾಳಾಯಿತು, ತಪ್ಪು ತನ್ನದು ಎಂದರು. ಆ ಸಂಜೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು ಡೈರಿಯಲ್ಲಿ ಬರೆದೆ: 'ಸ್ಕಿನ್ ಬಿಚ್ಚಿದ್ದರಿಂದ ತಡವಾಯಿತು.' ಗಡಿಯಾರ ನೋಡಿದ ಆ ಕ್ಷಣದಲ್ಲೇ ನನಗೆ ಗೊತ್ತಾಗಿತ್ತೇ? ಇಲ್ಲ ಎಂದು ಆಣೆಯಿಟ್ಟು ಹೇಳಲಾರೆ. ಯಾರು ತಡಮಾಡಿದರು ಎಂದು ಬರೆಯುವುದನ್ನು ಆ ವಾಕ್ಯ ಬಹಳ ಜಾಣತನದಿಂದ ತಪ್ಪಿಸಿಕೊಂಡಿದೆ. ಏನೂ ಗೊತ್ತಿಲ್ಲದವನು ಅಷ್ಟು ಜಾಣನಾಗುವುದಿಲ್ಲ.

ಅನುಮಾನಕ್ಕೆ ಜಾಗವಿಲ್ಲದ ಹಾಗೆ ಗೊತ್ತಾದದ್ದು ಮೂರು ವಾರಗಳ ನಂತರ, ದೋಹಾದ ಮನೆಯಲ್ಲಿ. ಎದೆಯ ಕ್ಯಾಮೆರಾದ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿದೆ. ಅದರ ಗಡಿಯಾರವನ್ನು ಯಾರೂ ಮುಟ್ಟಿರಲಿಲ್ಲ, ಅದು ದೋಹಾದ ಸಮಯದಲ್ಲೇ ಇತ್ತು. ನಾಲ್ಕಕ್ಕೆ ಹೊರಟ ಚಿತ್ರದ ಮೇಲೆ ಐದು ಗಂಟೆ ಎಂದಿತ್ತು. ಸ್ಕಿನ್ ಬಿಚ್ಚಿದ್ದರ ಚಿತ್ರ ಎಂಟೂ ನಲವತ್ತಕ್ಕೆ, ಟೇಪು ಕಟ್ಟಿ ಮುಗಿಸಿ ಭಾಯ್ ಹೆಬ್ಬೆರಳೆತ್ತಿದ ಚಿತ್ರ ಒಂಬತ್ತೂ ಎರಡಕ್ಕೆ. ಇಪ್ಪತ್ತೆರಡು ನಿಮಿಷ. ತಗ್ಗಿನಲ್ಲಿ ತೆಗೆದ ಚಿತ್ರ ಹನ್ನೊಂದೂ ಇಪ್ಪತ್ತೆರಡಕ್ಕೆ. ಅಂದರೆ ಅಲ್ಲಿ ಹತ್ತೂ ಇಪ್ಪತ್ತೆರಡು. ನಾನು ಹೊತ್ತಿದೆ ಎಂದಾಗ ತಿರುಗುವ ಹೊತ್ತು ಮೀರಿತ್ತು. ಊಟದ ಮೇಜಿನ ಮುಂದೆ ಮುಳ್ಳು ತಿರುಗಿಸಿದ್ದು ಆಗ ನೆನಪಿಗೆ ಬಂತು. ಚಿತ್ರಗಳನ್ನು ಫೋನಿಗೆ ಹಾಕಿಕೊಂಡು ಯಾರಿಗೂ ತೋರಿಸದೆ ಇಟ್ಟುಕೊಂಡೆ.

ಆ ಹೊತ್ತಿಗೆ ಭಾಯ್ ಅವರಿಗೆ ಎರಡನೆಯ ಆಪರೇಷನ್ ಆಗಿತ್ತು. ನೋಡಲು ಬಂದವರಿಗೆಲ್ಲ ಅವರು ಕತೆ ಹೇಳಲು ಶುರುಮಾಡಿದ್ದರು. ಚೆನ್ನಾಗಿ ಹೇಳುತ್ತಿದ್ದರು. ಪಟ್ಟಿ ಮಾರುವವನ ಪಟ್ಟಿ ಬಿಚ್ಚಿದ್ದು, ಅದನ್ನು ಮೊಟ್ಟೆಗೆ ಕಾವು ಕೊಟ್ಟ ಹಾಗೆ ಹೊಟ್ಟೆಗಿಟ್ಟು ಒಂದು ಗಂಟೆ ಕೂತದ್ದು. ಜನ ನಗುತ್ತಿದ್ದರು. ಆಮೇಲೆ ನನ್ನ ಭುಜ ಹಿಡಿದು, ಹೊತ್ತು ಮೀರಿದ್ದು ಇವರಿಗೆ ಗೊತ್ತಿತ್ತು, ನನಗೆ ಗಾಬರಿಯಾಗಬಾರದು ಅಂತ ಹೊತ್ತಿದೆ, ಹೊತ್ತಿದೆ ಅಂತ ಧೈರ್ಯ ಹೇಳುತ್ತಿದ್ದರು ಎನ್ನುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಜನ ಅದನ್ನು ವಿನಯವೆಂದು ತಿಳಿದರು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಒಂದು ಸಂಜೆ ಇಬ್ಬರೇ ಇದ್ದಾಗ ಅವರು, ನಿಮ್ಮ ಶಿಖರ ನನ್ನಿಂದ ತಪ್ಪಿತು, ಮಾಫ್ ಮಾಡಿ ಎಂದರು. ನಾನು, ಪರವಾಗಿಲ್ಲ ಬಿಡಿ ಭಾಯ್ ಎಂದೆ. ಮರು ವರ್ಷ ಮೇ ಬಂದಾಗ ಮತ್ತೆ ಅದನ್ನೇ ಕೇಳಿದರು. ನಾನು ಮತ್ತೆ ಅದನ್ನೇ ಹೇಳಿದೆ.

ಹೇಳಬೇಕೆಂದು ಹೊರಟ ದಿನಗಳೂ ಇದ್ದವು. ನಜ್ಮಾದಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಎರಡು ಸುತ್ತು ಹಾಕುವಷ್ಟರಲ್ಲಿ ನನಗೆ ಒಂದಲ್ಲ ಒಂದು ಕಾರಣ ಸಿಗುತ್ತಿತ್ತು. ಈಗ ಹೇಳಿದರೆ ಮಂಡಿ ಸರಿಹೋಗುತ್ತದೆಯೇ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಹೆದರಿಕೆ ಸರಳವಾಗಿತ್ತು. ಈ ಊರಿನಲ್ಲಿ ನನಗೆ ಗೆಳೆಯರೆಂದು ಇರುವವರು ಅವರೊಬ್ಬರೇ. ಹೇಳಿದರೆ ಅವರೂ ಇರುವುದಿಲ್ಲ.

ಈ ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಅವರು ಅಂಗಡಿಗೆ ಕರೆದರು. ನಾಲ್ಕರವರೆಗೆ ಬಾಗಿಲು ಮುಚ್ಚಿರುವ ಹೊತ್ತು. ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು, ಎಡಗಾಲು ನೇರವಾಗಿ ಒಂದು ಸ್ಟೂಲಿನ ಮೇಲೆ. ಮೇಜಿನ ಮೇಲೆ ಹೊಸ ಸ್ಕಿನ್‌ಗಳ ಜೋಡಿಯಿತ್ತು. ನನ್ನ ಹೆಂಡತಿಗೆ ಫೋನ್ ಮಾಡಿ, ಮನೆಯಲ್ಲಿದ್ದ ನನ್ನ ಸ್ಕೀಯ ಅಳತೆ ತರಿಸಿಕೊಂಡಿದ್ದರು. ಪ್ರತಿ ಪಟ್ಟಿಯ ಹಿಂತುದಿಗೂ ಅಗಲವಾದ ಎಲಾಸ್ಟಿಕ್ಕನ್ನು ಮೂರು ಸಾಲು ಹೊಲಿದು, ಸ್ಕೀಯ ಹಿಂಭಾಗಕ್ಕೆ ಸಿಕ್ಕಿಸುವ ಒಂದು ಕೊಕ್ಕೆ ಹಾಕಿದ್ದರು. ಅಂಟು ಪೂರ್ತಿ ಕೈಕೊಟ್ಟರೂ ಪಟ್ಟಿ ಬಿಚ್ಚುವ ಹಾಗಿರಲಿಲ್ಲ.

"ಇದನ್ನು ಹಾಕಿಕೊಂಡು ಹೋಗಿ ಬನ್ನಿ" ಎಂದರು. "ನನ್ನಿಂದ ಉಳಿದ ಶಿಖರ ಅದು. ಈ ಸಲ ಮುಗಿಸಿ ಬನ್ನಿ, ನನಗೂ ಒಂದು ಸಮಾಧಾನ ಆಗ್ತದೆ."

ಪಟ್ಟಿಯನ್ನು ಕೈಗೆ ತೆಗೆದುಕೊಂಡೆ. ಹೊಲಿಗೆ ಬಹಳ ಸಣ್ಣದಾಗಿ, ನೇರವಾಗಿ ಇತ್ತು. ಅದನ್ನು ಹಿಡಿದುಕೊಂಡೇ ಹೇಳಿದೆ. ಗಡಿಯಾರ, ಹಿಂದಕ್ಕೆ ತಿರುಗಿಸಿದ ಮುಳ್ಳು, ಬೆಳಿಗ್ಗೆ ಮತ್ತೆ ಕಳೆದ ಗಂಟೆ, ಕ್ಯಾಮೆರಾದ ಚಿತ್ರಗಳು. ಹೇಳುವುದಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ.

ಅವರು ಯಂತ್ರದ ಮೇಲಿನ ನೂಲನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡರು.

"ಆ ಊಟದ ಟೇಬಲ್ಲಿನಲ್ಲಿ ವಾಚ್ ತಿರುಗಿಸಿ ಅಂತ ಹೇಳಿದ್ದು ನಾನೇ" ಎಂದರು. "ನನಗೂ ನೆನಪು ಬರಲಿಲ್ಲ ನೋಡಿ."

ಅವರು ನನಗೊಂದು ದಾರಿ ಬಿಟ್ಟುಕೊಡುತ್ತಿದ್ದಾರೆ ಎನಿಸಿತು. ಅದು ನನ್ನ ಆಸೆಯಷ್ಟೇ. ಅವರು ಫೋಟೊ ತೋರಿಸಿ ಎಂದರು. ಫೋನು ಕೊಟ್ಟೆ. ಹೆಬ್ಬೆರಳೆತ್ತಿದ ತಮ್ಮ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಹಿಂದಿನ ಚಿತ್ರಕ್ಕೆ ಹೋದರು, ಮತ್ತೆ ಮುಂದಿನದಕ್ಕೆ ಬಂದರು.

"ಇಪ್ಪತ್ತೆರಡು ನಿಮಿಷ."

"ಹೌದು ಭಾಯ್."

"ಒಂದು ಗಂಟೆ ಅಂತ ನಾನು ಎಷ್ಟು ಜನರ ಹತ್ತಿರ ಹೇಳಿದ್ದೇನೆ, ಗೊತ್ತುಂಟಾ? ನನ್ನ ಹೆಂಡತಿ ಈಗಲೂ ಹೇಳ್ತಾಳೆ, ನಿಮ್ಮಿಂದ ಆ ಮನುಷ್ಯನೂ ಸಾಯ್ತಿದ್ದ ಅಂತ."

ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಕಾಲಿನದ್ದು ಬಿಡಿ" ಎಂದರು. ದನಿ ಏರಲಿಲ್ಲ. "ಬೆಟ್ಟಕ್ಕೆ ಹೋದವರ ಕಾಲು ಮುರಿಯುವುದುಂಟು. ವಾಚ್ ತಪ್ಪು ನೋಡುವುದು ನನಗೂ ಆಗಬಹುದಿತ್ತು. ನಾನು ಮಾಫ್ ಮಾಡಿ ಅಂತ ಕೇಳಿದ್ದೆ. ಒಂದು ಸಲ ಅಲ್ಲ, ಎರಡು ಸಲ. ಆಗ ನೀವು ಎಂತ ಹೇಳಿದ್ದು?"

ಅದನ್ನು ನೆನಪಿಸಿಕೊಳ್ಳಲು ನನಗೆ ಡೈರಿ ಬೇಕಾಗಿರಲಿಲ್ಲ. "ಪರವಾಗಿಲ್ಲ ಅಂದೆ."

"ಹ್ಞಾ. ಪರವಾಗಿಲ್ಲ ಅಂದ್ರಿ."

ಎದುರಿನ ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ನಮಾಜಿಗೆ ಆಜಾನ್ ಶುರುವಾಯಿತು. ಅವರು ಎರಡು ಕೈಗಳಿಂದ ಮೇಜನ್ನು ಒತ್ತಿ ಎದ್ದರು. ನಾನು ಹಿಡಿಯಲು ಹೋದೆ, ಬೇಡವೆಂದು ಕೈಸನ್ನೆ ಮಾಡಿದರು. ಸ್ಕಿನ್‌ಗಳನ್ನು ಒಂದರ ಮೇಲೊಂದು ಮಡಚಿ, ಅಂಗಡಿಯ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು. ನನ್ನಿಂದ ಇದನ್ನು ತೆಗೆದುಕೊಳ್ಳಲಾಗುವುದಿಲ್ಲ ಎಂದೆ. "ನಿಮ್ಮ ಅಳತೆಗೆ ಕತ್ತರಿಸಿದ್ದು. ಬೇರೆ ಯಾರಿಗೂ ಆಗುವುದಿಲ್ಲ" ಎಂದು ಹೇಳಿ ಪ್ಲಾಸ್ಟಿಕ್ ಕುರ್ಚಿಯನ್ನು ತಿರುಗಿಸಿ ನಮಾಜಿನ ದಿಕ್ಕಿಗೆ ಇಟ್ಟರು. ನಾನು ಹೊರಗೆ ಬಂದೆ.

ಈ ವರ್ಷ ಪರ್ವತಕ್ಕೆ ಹೋಗಲಿಲ್ಲ. ಜೂನ್ ಬಂತು. ದಿನವೂ ಹತ್ತಕ್ಕೆ ಸೈರನ್ ಒತ್ತಿದೆ. ಒತ್ತುವ ಮೊದಲು ಪಕ್ಕದವನನ್ನು ಗಂಟೆಯೆಷ್ಟು ಎಂದು ಕೇಳುವ ಅಭ್ಯಾಸ ಮಾಡಿಕೊಂಡೆ. ಅವರು ಫೋನ್ ಮಾಡಲಿಲ್ಲ. ನಾನು ಎರಡು ಸಲ ಮಾಡಿದಾಗಲೂ ಅಂಗಡಿಯಲ್ಲಿ ಗಿರಾಕಿಗಳಿದ್ದಾರೆ ಎಂದು ಎರಡು ಮಾತಿನಲ್ಲಿ ಫೋನ್ ಇಟ್ಟರು. ಮೂರನೆಯ ಸಲ ಮಾಡಲಿಲ್ಲ.

ಜೂನ್ ಕೊನೆಯ ಶುಕ್ರವಾರ ಅಬು ಹಮೂರ್‌ನ ಒಬ್ಬರ ವಿಲ್ಲಾದಲ್ಲಿ ಕನ್ನಡದವರ ಬೆಳಗಿನ ತಿಂಡಿ ಕೂಟವಿತ್ತು. ಚಳಿಗಾಲದಲ್ಲಿ ಪಾರ್ಕಿನಲ್ಲಿ ಸೇರುವವರು ಬೇಸಿಗೆಯಲ್ಲಿ ಹೀಗೆ ಯಾರದಾದರೂ ಹಜಾರದಲ್ಲಿ ಸೇರುತ್ತೇವೆ. ಅವರು ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ನನಗೆ ಸಲಾಂ ಹೇಳಿದರು, ನನ್ನ ಎದುರಿನ ಕುರ್ಚಿಯಲ್ಲಿ ಕಾಲು ಚಾಚಿ ಕೂತರು. ಬೆಂಗಳೂರಿನಿಂದ ಹೊಸದಾಗಿ ಬಂದ ದಂಪತಿ ಅವರ ಕಾಲಿಗೆ ಏನಾಯಿತೆಂದು ಕೇಳಿದರು. ವಿಲ್ಲಾದ ಮನೆಯವರು, ಭಾಯ್ ನಿಮ್ಮ ಹಿಮದ ಕತೆ ಹೇಳಿ ಎಂದರು. ಮೊಟ್ಟೆಗೆ ಕಾವು ಕೊಡುವ ಭಾಗ ಬರುತ್ತದೆಂದು ಇನ್ನೊಬ್ಬರು ಆಗಲೇ ನಗತೊಡಗಿದ್ದರು.

ಭಾಯ್ ಬಾಯಿಯಲ್ಲಿದ್ದ ತುತ್ತು ನುಂಗಿ, ನೀರು ಕುಡಿದು, ನನ್ನತ್ತ ನೋಡಿದರು.

"ಈಗ ಆ ಕತೆ ನನ್ನ ಹತ್ತಿರ ಇಲ್ಲ. ಇವರು ಹೇಳ್ತಾರೆ."

ಹತ್ತು ಹನ್ನೆರಡು ಜನ ನನ್ನ ಕಡೆ ತಿರುಗಿದರು. ನನ್ನ ಹೆಂಡತಿಯೂ ತಿರುಗಿದಳು. ಅವಳಿಗೂ ನಾನು ಹೇಳಿರಲಿಲ್ಲ. ತಟ್ಟೆ ಕೆಳಗಿಟ್ಟು, ಐದೂವರೆಗೇ ಊಟಕ್ಕೆ ಹೋದಲ್ಲಿಂದ ಶುರುಮಾಡಿದೆ. ನನ್ನ ಗಡಿಯಾರವನ್ನು ನಾನೇ ತಿರುಗಿಸಿದ್ದನ್ನು ಹೇಳಿದೆ. ಬೆಳಿಗ್ಗೆ ಹಿಮನದಿಯ ಮಧ್ಯೆ ಸ್ಕಿನ್ ಬಿಚ್ಚಿತು, ಅದನ್ನು ಸರಿಮಾಡಲು ಒಂದು ಇಪ್ಪತ್ತು ನಿಮಿಷ ಹಿಡಿಯಿತು ಎಂದೆ.

"ಇಪ್ಪತ್ತೆರಡು" ಎಂದರು ಭಾಯ್, ತಟ್ಟೆಯಿಂದ ಕಣ್ಣೆತ್ತದೆ.

ಇಪ್ಪತ್ತೆರಡು ಎಂದು ತಿದ್ದಿಕೊಂಡು, ನಾನು ತಗ್ಗಿನಲ್ಲಿ ಗಡಿಯಾರ ನೋಡಿದ್ದಕ್ಕೆ ಬಂದೆ. ಯಾವಾಗಲೂ ನಗುತ್ತಿದ್ದವರು ಅಲ್ಲಿ ಯಾರೂ ನಗಲಿಲ್ಲ.